ಎರಡು ಗುಡ್ಡ, ನಡುವೆ ಸೂರ್ಯ

ಚಿತ್ರ ಹೇಗೆ ಹೊಳೆಯುತ್ತದೆ ಅಂತ ನಾಲ್ಕು ಜನರಿಗೆ ಹೇಳಿಕೊಡೋಣ ಎಂದು ನಾನು ಹೊರಟಾಗಲೆಲ್ಲ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಾದರೊಬ್ಬರು ಅಲ್ಲಿ ಮೊದಲೇ ಕೂತಿರುತ್ತಾರೆ. ಅವರ ಕೈಯಲ್ಲಿ ಕುಂಚ ಇರುವುದಿಲ್ಲ. ಟಿಕೆಟ್ ಮಷೀನೋ, ಕುರಿ ಕಾಯುವ ಕೋಲೋ, ಸೂಜಿ ದಾರವೋ ಇರುತ್ತದೆ. ಇಪ್ಪತ್ತಾರು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡುತ್ತಾ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ನೀರು ಕುಡಿದಿದ್ದೇನೆ. ಮೂರೂ ಕಡೆ ನನ್ನ ಜಂಬ ಇಳಿಸುವವರು ಸಿಕ್ಕಿದ್ದಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅಂಥವರನ್ನು ಕಂಡರೆ ಕೈಮುಗಿಯಬೇಕು ಅನ್ನಿಸುತ್ತದೆ.

ಹೊಳೆ ಬಾಯಲ್ಲಿ ಮನೆ

ನನ್ನ ಚಿತ್ರ ಒಂದೇ. ಎರಡು ಗುಡ್ಡ, ನಡುವೆ ಮೂಡುವ ಸೂರ್ಯ, ಗುಡ್ಡಗಳ ಸಂದಿಯಿಂದ ಇಳಿದು ಬರುವ ಹೊಳೆ, ಹೊಳೆ ದಂಡೆಗೆ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ಒಂದು ತೆಂಗಿನಗಿಡ. ಆಕಾಶದಲ್ಲಿ ನಾಲ್ಕು ಹಕ್ಕಿ. ಶಾಲೆಯ ಗೋಡೆ, ಪಂಚಾಯ್ತಿಯ ಗೋಡೆ, ಹಿಟ್ಟಿನ ಗಿರಣಿಯ ಗೋಡೆ, ಮದುವೆಯಾದ ಮೇಲೆ ನಮ್ಮ ಅಡುಗೆಮನೆಯ ಗೋಡೆ, ಮಗಳು ಹುಟ್ಟಿದಾಗ ತೊಟ್ಟಿಲ ಪಕ್ಕದ ಗೋಡೆ, ಎಲ್ಲ ಕಡೆ ಇದೇ. ನಮ್ಮ ಸೀಮೆಯಲ್ಲಿ ಅಂಥ ಗುಡ್ಡ ಇಲ್ಲ, ತೆಂಗು ಅಷ್ಟಕ್ಕಷ್ಟೇ. ಕಣ್ಣು ಹರಿದಷ್ಟು ದೂರ ತೊಗರಿ ಹೊಲ, ಸಪಾಟು. ಆದರೂ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಕೇಳಿದವನು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಹಳ್ಳಿಯ ಹಿರಿಯ ರೈತ. ನಾನು ಪಂಚಾಯ್ತಿ ಗೋಡೆಗೆ ಚಿತ್ರ ಬರೆಯುತ್ತಿದ್ದಾಗ ಬಂದು, ಬೆನ್ನ ಹಿಂದೆ ಕೈಕಟ್ಟಿ ಅರ್ಧ ತಾಸು ನೋಡಿದ.

"ಮಾಸ್ತರ್ರ, ಈ ಮನಿ ಯಾರದ್ರಿ?"

"ಯಾರದೂ ಅಲ್ಲ. ಚಿತ್ರದಾಗಿನ ಮನಿ."

"ಯಾರದರೆ ಇರ್ಲಿ, ಮೊದಲ ಅವರನ್ನ ಅಲ್ಲಿಂದ ಎಬ್ಬಸ್ರಿ. ಹೊಳಿ ಬಾಯಾಗ ಕಟ್ಯಾರ. ಮ್ಯಾಲ ಒಂದು ದೊಡ್ಡ ಮಳಿ ಆತಂದ್ರ ಮುಂಜಾನಿ ಅನ್ನೂದ್ರಾಗ ಗೋಡಿನೂ ಸಿಗಂಗಿಲ್ಲ."

ನನಗೆ ನಗು ಬಂತು. ಆತ ನಗಲಿಲ್ಲ. ಗೋಡೆಯ ಹತ್ತಿರ ಬಂದು, ಹೊಳೆಯ ತಿರುವಿಗೆ ಬೆರಳಿಟ್ಟು, ನೀರು ಎಲ್ಲಿ ಬಡಿಯುತ್ತದೆ, ಯಾವ ದಂಡೆ ಕೊರೆಯುತ್ತದೆ, ಗುಡಿಸಲ ಹಿಂದಿನ ಮಣ್ಣು ಯಾವ ಕಡೆಯಿಂದ ಕುಸಿಯುತ್ತದೆ ಅಂತ ನನ್ನ ಚಿತ್ರವನ್ನು ನನಗೇ ತೋರಿಸುತ್ತಾ ಹೋದ. ಅಷ್ಟು ವರ್ಷ ಹೊಳೆ ಬರೆದಿದ್ದೆ. ಅದರಲ್ಲಿ ನೀರು ಹರಿಯುತ್ತದೆ ಎಂಬುದು ಅವತ್ತೇ ಗೊತ್ತಾದದ್ದು. ಬೆರಗಾಗಿ, ತೆಪ್ಪಗೆ ಬಣ್ಣ ಬಳಿದು ಗುಡಿಸಲನ್ನು ಅಳಿಸಿ, ಗುಡ್ಡದ ಮೇಲೆ ಹೊಸದಾಗಿ ಬರೆದೆ. ರೈತನಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ತಲೆಯ ಮೇಲೆ ಕೊಡ ಹೊತ್ತು ಬಂದ ಆತನ ಹೆಂಡತಿ ಗೋಡೆ ನೋಡಿ ನಿಂತಳು.

"ಮನಿ ಮ್ಯಾಲ ಒಯ್ದಿಟ್ರಿ, ಚಲೋ ಆತು. ದಿನಾ ಕೊಡ ಹೊತ್ಕೊಂಡು ಆ ಗುಡ್ಡ ಹತ್ತೋರು ಯಾರ್ರಿ? ನೀವು ಹತ್ತೀರೇನು?"

ಆ ಪಂಚಾಯ್ತಿ ಗೋಡೆಯ ಮೇಲೆ ಈಗಲೂ ಗುಡ್ಡದ ನೆತ್ತಿಗೆ ಒಂದು ಗುಡಿಸಲಿದೆ. ಅದರ ಬಾಗಿಲಲ್ಲೇ ನೀರೆತ್ತುವ ಒಂದು ಬೋರಿಂಗ್ ಇದೆ.

ಮಗಳ ಧಮಕಿ

ಈಗ ನಾವಿರುವುದು ಜೇವರ್ಗಿಯಲ್ಲಿ. ನಮ್ಮ ಓಣಿಯ ಹಿಂದೆ ಒಬ್ಬ ಡಾಕ್ಟರಮ್ಮನ ಸಣ್ಣ ಹೆರಿಗೆ ದವಾಖಾನೆ. ಅಲ್ಲಿ ಬ್ಯಾನಿ, ಅಂದರೆ ಹೆರಿಗೆ ನೋವು, ಶುರುವಾದ ಹೆಣ್ಣುಮಕ್ಕಳು ಕಾಯುವುದಕ್ಕೆ ಅಂತ ಒಂದು ಖೋಲಿ, ಆ ಖೋಲಿಯಲ್ಲಿ ಮಂಚಗಳ ಎದುರಿಗೆ ಒಂದು ದೊಡ್ಡ ಬಿಳಿ ಗೋಡೆ. ಡಾಕ್ಟರಮ್ಮ ಒಂದು ದಿನ ನನ್ನನ್ನು ಕರೆಸಿದರು.

"ಮಾಸ್ತರ್ರ, ಪಾಪ ಅವರು ತಾಸುಗಟ್ಲೆ ಈ ಖಾಲಿ ಗೋಡಿ ನೋಡ್ಕೋತ ಮಕ್ಕೊಂಡಿರ್ತಾರ. ಬ್ಯಾನಿ ಬಂದಾಗ ಕಣ್ಣಿಲೆ ಹಿಡ್ಕೊಳ್ಳಾಕ ಏನರೆ ಬೇಕ್ರಿ. ಒಂದು ಚಿತ್ರ ಬರೀರಿ. ಆದ್ರ ಗುಡ್ಡ ಮಾತ್ರ ಬ್ಯಾಡ. ನಿಮ್ಮ ಗುಡ್ಡ ನಾ ಸಾಲ್ಯಾಗ ನೋಡೇನಿ, ಗಿರಣ್ಯಾಗೂ ನೋಡೇನಿ."

ಒಪ್ಪಿಕೊಂಡು ಮನೆಗೆ ಬಂದೆ. ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಆಗುವುದೂ ಅದೇ ದವಾಖಾನೆಯಲ್ಲಿ. ಅಂಗಳದಲ್ಲಿ ಕಾಲು ಚಾಚಿ ಹುಣಸೆಹಣ್ಣು ಚೀಪುತ್ತಾ ಕೂತಿದ್ದವಳು ಸುದ್ದಿ ಕೇಳಿ ನನ್ನನ್ನೇ ದಿಟ್ಟಿಸಿದಳು.

"ಯಪ್ಪಾ, ಆ ಗೋಡಿ ಎದುರಿಗೆ ಮಲಗಾಕಿ ನಾನು."

"ಹೌದವ್ವಾ."

"ಹುಟ್ಟಿದಾಗಿಂದ ನಿನ್ನ ಗುಡ್ಡ ನೋಡಾಕತ್ತೇನಿ. ತೊಟ್ಟಿಲದಾಗ ಮಲಗಿದ್ರ ಗುಡ್ಡ, ಊಟಕ್ಕ ಕುಂತ್ರ ಗುಡ್ಡ, ಸಾಲಿಗೆ ಹೋದ್ರ ಗುಡ್ಡ. ನನ್ನ ಮದುವಿ ಸ್ಟೇಜಿನ ಹಿಂದೂ ಅದ ಗುಡ್ಡ. ಬ್ಯಾನಿ ತಿನ್ನೂವಾಗೂ ಅದ ಕಂಡ್ತಂದ್ರ, ಈಗ ಹೇಳಿರ್ತೇನಿ, ಎದ್ದು ಗಂಡನ ಮನಿಗೆ ಹೋಗಿ ಹಡೀತೇನಿ!"

ಚೊಚ್ಚಲು ತವರಲ್ಲಿ ಆಗಲಿಲ್ಲ ಅಂದರೆ ಬೀಗರ ಮುಂದೆ ಮುಖ ಎತ್ತುವ ಹಾಗಿಲ್ಲ. ಆದರೆ ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಅದಕ್ಕಲ್ಲ. ಮಗಳು ನೋವು ತಿನ್ನುವಾಗ ಅಪ್ಪನಾದವನು ಒಳಗೆ ಹೋಗುವಂತಿಲ್ಲ, ಕೈ ಹಿಡಿಯುವಂತಿಲ್ಲ. ನಾನು ಕೊಡಬಹುದಾದದ್ದು ಒಂದು ಚಿತ್ರ. ಆ ಚಿತ್ರಕ್ಕಾಗಿ ಕಣ್ಣು ಮುಚ್ಚಿದರೆ ಎರಡು ಗುಡ್ಡ, ತೆರೆದರೂ ಎರಡು ಗುಡ್ಡ. ಮತ್ತೇನೂ ನನ್ನ ತಲೆಯಲ್ಲಿ ಇರಲೇ ಇಲ್ಲ.

ಆಗ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಕಲಬುರ್ಗಿಯಲ್ಲಿ ಮಾಸ್ತರರಿಗೆ ನಡೆದ ಒಂದು ತರಬೇತಿಯಲ್ಲಿ, ಹೊಸ ಚಿತ್ರ ಹೊಳೆಯುವುದಕ್ಕೆ ಕಲಾವಿದರು ಬಳಸುವ ಐದು ಉಪಾಯ ಅಂತ ಹೇಳಿಕೊಟ್ಟಿದ್ದರು. ನಾಲ್ಕನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆ. ಐದು ಅಂತ ಅಂಕಿ ಹಾಕಿ ಮುಂದೆ ಖಾಲಿ ಬಿಟ್ಟಿದ್ದೆ. ಯಾಕೆ ಅಂತ ನೆನಪಾಯಿತು. ಆ ಹೊತ್ತಿಗೆ ಊಟಕ್ಕೆ ಕರೆದಿದ್ದರು, ಅವತ್ತು ಹೋಳಿಗೆ ಇತ್ತು.

ಆನೆಯ ಹತ್ತಿರ ಚರಿಗೆ

ಮೊದಲನೆಯ ಉಪಾಯ ಇದು: ನೆಲದ ಮೇಲೆ, ಗೋಡೆಯ ಮೇಲೆ, ಮೋಡದಲ್ಲಿ, ಎಲ್ಲಿ ಗುರುತು ಕಂಡರೂ ದಿಟ್ಟಿಸಿ ನೋಡು. ಆಕಾರ ತಾನಾಗಿ ಎದ್ದು ಬರುತ್ತದೆ.

ಮಾದನಹಿಪ್ಪರಗಾದಲ್ಲಿ ನನ್ನ ಹೆಂಡತಿಯ ತವರುಮನೆ. ಒಂದು ಭಾನುವಾರ ಹೆಂಡತಿಯ ಜೊತೆ ಅಲ್ಲಿಗೆ ಹೋಗಿ, ಪಡಸಾಲೆಯಲ್ಲಿ ನೆಲ ನೋಡುತ್ತಾ ಕೂತೆ. ಶಹಾಬಾದಿ ಪರಸಿ ಹಾಸಿದ ನೆಲ. ಬೂದು ಬಣ್ಣದ ಚಪ್ಪಡಿಗಳು, ಮೇಲೆಲ್ಲ ಕಂದು ಗೆರೆ, ಮಾಸಲು ಗುರುತು. ಒಂದು ತಾಸು ದಿಟ್ಟಿಸಿದ ಮೇಲೆ ಒಂದು ಕಲ್ಲಿನಲ್ಲಿ ಏನೋ ಎದ್ದು ಬಂತು. ಸರಿಯಾಗಿ ನೋಡಿದರೆ ಎರಡು ಗುಡ್ಡ.

ಬಾಗಿಲ ಬಳಿ ಕೂತಿದ್ದ ಅತ್ತೆ ನನ್ನನ್ನೇ ಗಮನಿಸುತ್ತಿದ್ದರು. ಎಂಬತ್ತರ ಹತ್ತಿರದ ಜೀವ, ಕಣ್ಣು ಮಾತ್ರ ಇನ್ನೂ ಚುರುಕು.

"ಅಳಿಯಾರ, ಏನು ಕಳಕೊಂಡ್ರಿ?"

"ಏನಿಲ್ರಿ ಅತ್ತಿ, ಕಲ್ಲಿನ್ಯಾಗ ಚಿತ್ರ ಹುಡುಕಾಕತ್ತೇನಿ." ದೊಡ್ಡ ದೊಡ್ಡ ಕಲಾವಿದರು ಹೀಗೆ ಮಾಡುತ್ತಾರೆ ಅಂತ ವಿವರವಾಗಿ ಹೇಳಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, ಅಡುಗೆಮನೆಯಿಂದ ನೀರು ತರುತ್ತಿದ್ದ ತಮ್ಮ ಮಗಳ ಕಡೆ ತಿರುಗಿದರು.

"ಬೇ, ಚರಗಿ ಆನಿ ಹತ್ರ ಇಡು. ನವಿಲಿನ ಮ್ಯಾಲ ಇಡಬ್ಯಾಡ, ಓಲಾಡ್ತದ."

ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸದೆ ಚರಿಗೆಯನ್ನು ತಂದು ಒಂದು ಕಲ್ಲಿನ ಮೇಲೆ ಇಟ್ಟಳು. ನಾನು ಆ ಮನೆಯ ಅಳಿಯನಾಗಿ ಇಪ್ಪತ್ತೆಂಟು ವರ್ಷ.

"ಯಾವ ಆನಿ?" ಅಂದೆ.

ಅತ್ತೆ ಚರಿಗೆಯಲ್ಲಿ ಬೆರಳದ್ದಿ, ಕಲ್ಲಿನ ಮೇಲೆ ಒಂದು ಕಂದು ಗೆರೆಯ ಗುಂಟ ಎಳೆದರು. ಸೊಂಡಿಲು ಬಂತು. ಹಿಂದೆಯೇ ಕಿವಿ, ಬೆನ್ನು, ಗಿಡ್ಡ ಬಾಲ. ಒಮ್ಮೆ ಕಂಡ ಮೇಲೆ ಆ ಆನೆ ಮತ್ತೆ ಕಲ್ಲಾಗಲೇ ಇಲ್ಲ. ಪಕ್ಕದಲ್ಲಿ ನವಿಲು, ಅದರಾಚೆ ಗಡಿಗೆ ಹೊತ್ತ ಹೆಂಗಸು, ಕಂಬದ ಬುಡಕ್ಕೆ ಮೊಸಳೆ. ಅತ್ತೆ ಮದುವೆಯಾಗಿ ಬಂದಾಗ ಅವರ ಅತ್ತೆ ಇವನ್ನೆಲ್ಲ ತೋರಿಸಿಕೊಟ್ಟಿದ್ದರಂತೆ. ಇವರು ತಮ್ಮ ಕಾಲದಲ್ಲಿ ಇನ್ನಷ್ಟು ಹುಡುಕಿ ಸೇರಿಸಿದ್ದರು. ಜೋಳದ ಚೀಲ ಎಲ್ಲಿಡಬೇಕು, ಬೀಸುಕಲ್ಲು ಎಲ್ಲಿಡಬೇಕು, ಎಲ್ಲವೂ ಆ ಮನೆಯಲ್ಲಿ ನಡೆಯುತ್ತಿದ್ದುದು ಈ ಗುರುತಿನ ಮೇಲೆ. ನಾನು ಒಂದು ಚಿತ್ರಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಉಂಡು ಮಲಗಿ ಎದ್ದು ಬಂದಿದ್ದೆ.

"ನನಗ್ಯಾಕ ಯಾರೂ ಹೇಳಲಿಲ್ರಿ?"

"ನೀವು ಡ್ರಾಯಿಂಗ್ ಮಾಸ್ತರ್ರು. ನಿಮಗ ಕಾಣ್ತಿರಬೇಕು ಅಂದ್ಕೊಂಡಿದ್ವಿ."

ಮಾತು ಬದಲಿಸಲು, ಇಷ್ಟು ವರ್ಷ ನನ್ನ ಹಾಸಿಗೆ ಯಾವುದರ ಮೇಲೆ ಹಾಸುತ್ತಿದ್ದಿರಿ ಅಂತ ಕೇಳಿದೆ. ಅತ್ತೆ ಸೆರಗು ಬಾಯಿಗೆ ಹಿಡಿದು ಅತ್ತ ತಿರುಗಿದರು. ಉತ್ತರ ಕೊಟ್ಟವಳು ಹೆಂಡತಿ.

"ಹಂದಿ ಮ್ಯಾಲ. ಮೊದಲನೇ ಸಲ ನಿಮ್ಮ ಗೊರಕಿ ಕೇಳಿದ ದಿನಾನ ಅವ್ವ ಆರಿಸಿಟ್ಲು."

ಕಂಡಕ್ಟರನ ಹೊಲ

ಎರಡನೆಯ ಉಪಾಯಕ್ಕೆ ಎರಡು ಡಬ್ಬಿ ಬೇಕು. ತೋಚಿದ ವಸ್ತುಗಳ ಹೆಸರನ್ನು ಚೀಟಿಯಲ್ಲಿ ಬರೆದು ಎರಡರಲ್ಲೂ ತುಂಬಬೇಕು. ಒಂದೊಂದರಿಂದ ಒಂದೊಂದು ಚೀಟಿ ಎತ್ತಿ, ಸಂಬಂಧವಿಲ್ಲದ ಆ ಎರಡನ್ನೂ ಕೂಡಿಸಿ ಒಂದು ಚಿತ್ರ ಕಟ್ಟಬೇಕು.

ಅತ್ತೆಯ ಮನೆಯಿಂದ ಹಾಗೇ ಅಫಜಲಪುರಕ್ಕೆ ಹೋಗುವ ಕೆಲಸವಿತ್ತು. ಆಳಂದದಲ್ಲಿ, ನಾಲ್ಕೂರು ಸುತ್ತಿ ಹೋಗುವ ಬಸ್ಸು ಹತ್ತಿ, ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದೆ. ಎಮ್ಮೆ ಮತ್ತು ಛತ್ರಿ ಬಂತು. ಏನೂ ಹೊಳೆಯಲಿಲ್ಲ. ಬದನೆಕಾಯಿ ಮತ್ತು ಸೈಕಲ್ ಬಂತು. ಅದೂ ಓಡಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಬಹಳ ಹೊತ್ತಿನಿಂದ ನೋಡುತ್ತಿದ್ದಳು.

"ಅಜ್ಜಾ, ನನ್ನ ಮಗಳಿಗೆ ಎಂಥಾ ಮನಿ ಸಿಗ್ತದ? ಒಂದು ಚೀಟಿ ತಗೀರಿ."

ಅಜ್ಜಾ ಅಂದದ್ದಕ್ಕೆ ಮುನಿಸಾದರೂ ತೆಗೆದೆ. ಮತ್ತೆ ಎಮ್ಮೆಯೇ ಬಂತು. "ಹೈನದ ಮನಿ!" ಅಂತ ಆಕೆ ಡಬ್ಬಿಗೆ ಕೈಮುಗಿದಳು.

ಇದನ್ನೆಲ್ಲ ಕಂಡಕ್ಟರ್ ನೋಡುತ್ತಿದ್ದ. ಏನ್ರಿ ಸರ ಇದು ಅಂದ. ಹೇಳಿದೆ. ಆತ ನಕ್ಕುಬಿಟ್ಟ.

"ಡಬ್ಬಿ ಯಾಕ್ರಿ ಇದಕ್ಕ? ನಾ ದಿನಾ ಮಾಡ್ತೇನಿ. ಬಸ್ಸಿನ್ಯಾಗ ಅರ್ಧ ಮಂದಿ ಮಕ್ಕೊಂಡುಬಿಡ್ತಾರ. ಊರು ಬಂದಾಗ ಎಬ್ಬಸಲಿಲ್ಲಂದ್ರ ಜಗಳ. ಯಾರು ಎಲ್ಲಿ ಇಳೀತಾರ ಅಂತ ನೆನಪ ಇಡೂದು ಹೆಂಗ? ಅಲ್ಲಿ ನೋಡ್ರಿ, ಹಸಿರು ಸೀರಿ ಆಕಿ, ಭೂಸನೂರಾಗ ಇಳಿಯಾಕಿ, ಸಕ್ಕರಿ ಫ್ಯಾಕ್ಟರಿ ಊರು. ಆಕಿ ಸೆರಗಿನಾಗಿಂದ ಕಬ್ಬು ಬೆಳದಾವ, ಮ್ಯಾಲ ಬಸ್ಸಿನ ಟಾಪಿಗೆ ಹತ್ಯಾವ. ಆ ಟೋಪಿ ಯಜಮಾನ್ರು ಸೊನ್ನಕ್ಕ, ಬ್ಯಾರೇಜಿನ ಊರಿಗೆ ಹೋಗೋರು, ಅಫಜಲಪುರದಾಗ ಬಸ್ ಬದಲಿ ಮಾಡಬೇಕು. ಕುತ್ತಿಗಿತನಕ ನೀರಾಗ ಕುಂತಾರ, ಟೋಪಿ ಮ್ಯಾಲ ಒಂದು ಮೀನ ಅದ."

ಆತ ಹೇಳುತ್ತಾ ಹೋದ, ನಾನು ನೋಡ ನೋಡುತ್ತಾ ಬಸ್ಸು ತುಂಬಿಕೊಂಡಿತು. ಕಬ್ಬು, ನೀರು, ಮೀನು, ಕೋರ್ಟಿಗೆ ಹೊರಟವನ ಮೈತುಂಬ ಕಾಗದದ ಎಲೆಗಳು. ನಾನು ಎರಡು ಡಬ್ಬಿ ಹಿಡಿದು ಒಂದು ಎಮ್ಮೆಗೆ ಛತ್ರಿ ಹಿಡಿಸಲಾಗದೆ ಕೂತಿದ್ದಾಗ, ಈತ ನಿಂತಲ್ಲೇ, ಜೋಲಿ ಹೊಡೆಯುತ್ತಾ, ಚಿಲ್ಲರೆ ಎಣಿಸುತ್ತಾ ಇಷ್ಟನ್ನೂ ಕಟ್ಟಿದ್ದ. ಭೂಸನೂರು ಬಂದಾಗ ಹಸಿರು ಸೀರೆಯವಳನ್ನು ತಟ್ಟಿ ಎಬ್ಬಿಸಿದ. ಆಕೆ ಇಳಿಯುವಾಗ, ಕಬ್ಬು ಬಾಗಿಲಿಗೆ ತಾಗೀತು ಅಂತ ನಾನೇ ತಲೆ ಬಗ್ಗಿಸಿದೆ.

"ನನ್ನನ್ನ ಹೆಂಗ ನೆನಪ ಇಟ್ಟೀರಿ?"

ಆತ ನನ್ನ ತಲೆ ನೋಡಿದ, ಆಮೇಲೆ ಟಿಕೆಟ್ ಮಷೀನು ನೋಡಿದ. "ಬ್ಯಾಡ ಬಿಡ್ರಿ ಸರ."

"ಹೇಳ್ರಿ, ಅಡ್ಡಿಯಿಲ್ಲ."

"ಸಿಟ್ಟಾಗಬ್ಯಾಡ್ರಿ ಮತ್ತ. ಆ ಕಡಿ ಒಂದಿಷ್ಟು ಕೂದಲ, ಈ ಕಡಿ ಒಂದಿಷ್ಟು ಕೂದಲ, ನಡುವ ಬೋಳ. ಎರಡು ಗುಡ್ಡ, ನಡುವ ಸೂರ್ಯ ಮೂಡ್ಯಾನ."

ದರ್ಶನ

ಅಫಜಲಪುರದ ಕೆಲಸ ಮುಗಿಸಿ ಮರುದಿನ ಸೊನ್ನದ ಬ್ಯಾರೇಜಿನ ಕಡೆ ಹೋದೆ. ಮೂರನೆಯ ಉಪಾಯ, ನೋಡುವುದನ್ನು ತಲೆಕೆಳಗು ಮಾಡಿ ನೋಡುವುದು. ಹೊಳೆಗೆ ಬೆನ್ನು ಹಾಕಿ ನಿಂತು, ಬಗ್ಗಿ, ನನ್ನ ಎರಡು ಕಾಲುಗಳ ನಡುವಿನಿಂದ ಭೀಮಾ ನದಿಯನ್ನು ನೋಡಿದೆ. ಐವತ್ತು ದಾಟಿದವರು ಇದನ್ನು ಖಾಲಿ ಹೊಟ್ಟೆಯಲ್ಲಿ ಮಾಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

"ಯಪ್ಪಾ, ಬಿಸಿಲು ಬಡಿತೇನ್ರಿ!" ಅಂತ ಕೂಗುತ್ತಾ ಒಬ್ಬ ಕುರಿಗಾರ ಓಡಿ ಬಂದ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅಂಗಾಲಿಗೆ ತಿಕ್ಕಲು ಉಳ್ಳಾಗಡ್ಡಿ. ನಾನು ಎದ್ದು ನಿಂತು, ಇದು ಬಿಸಿಲಲ್ಲ, ಕಲೆಯ ಅಭ್ಯಾಸ ಅಂತ ತಿಳಿಸಿ ಹೇಳಿದೆ.

"ಇಷ್ಟನಾ?" ಅಂದ ಆತ. "ಇದು ನಮ್ಮ ದಿನದ ಕೆಲಸರಿ. ನೀರಿಗೆ ಬಂದಾಗ ಎರಡು ಹಿಂಡು ಕಲತುಬಿಡ್ತಾವ. ಮ್ಯಾಲಿಂದ ನೋಡಿದ್ರ ಎಲ್ಲಾ ಒಂದ ಕಂಬಳಿ. ಬಗ್ಗಿ ಕಾಲ ನೋಡ್ರಿ. ಯಾವುದು ನಂದು, ಯಾವುದು ಮಂದೀದು, ಆವಾಗ ಗೊತ್ತಾಗ್ತದ."

ಆತ ಬಗ್ಗಿದ. ನಾನೂ ಪಕ್ಕದಲ್ಲಿ ಬಗ್ಗಿದೆ. ಕುರಿಗಳು ಹೊಳೆ ಕಡೆಯಿಂದ ಬರುತ್ತಿದ್ದವು. ಉಣ್ಣೆ ಎಲ್ಲ ಆಕಾಶದ ಪಾಲಾಯಿತು, ಉಳಿದದ್ದು ಕಾಲುಗಳಷ್ಟೇ. ಒಂದು ಕುರಿ ಮುಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ಒಂದು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ. ಒಂದು, ತಡವಾಗಿ ಶಾಲೆಗೆ ಬಂದು ಯಾರೂ ನೋಡಿಲ್ಲ ಅಂತ ನಟಿಸುವ ನಮ್ಮ ಹೆಡ್‌ಮಾಸ್ತರರ ಹಾಗೆ. ಕಂಬಳಿಯ ಹಾಗೆ ಕಂಡಿದ್ದ ಹಿಂಡಿನಲ್ಲಿ ಒಂದೊಂದು ಜೀವಕ್ಕೂ ಒಂದೊಂದು ನಡಿಗೆ ಇತ್ತು. ಅದನ್ನು ನೋಡುತ್ತಾ ಸೊಂಟದ ನೋವೂ ಮರೆತು ಹಾಗೇ ನಿಂತುಬಿಟ್ಟೆ.

ಬ್ಯಾರೇಜ್ ನೋಡಲು ಜೀಪಿನಲ್ಲಿ ಒಂದು ಕುಟುಂಬ ಬಂದಿತ್ತು. ಹೊಳೆಗೆ ಬೆನ್ನು ಮಾಡಿ, ಬಗ್ಗಿ, ಅಲ್ಲಾಡದೆ ನಿಂತ ಇಬ್ಬರು ಗಂಡಸರನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ನನ್ನ ಪಕ್ಕದಲ್ಲಿ ಉಸಿರಾಟ ಕೇಳಿ ತಿರುಗಿದರೆ ಒಬ್ಬ ಅಜ್ಜಿ, ಎರಡೂ ಕಡೆ ಸೊಸೆಯಂದಿರ ಆಸರೆಯಲ್ಲಿ ಬಗ್ಗಿ ನಿಂತಿದ್ದಾರೆ.

"ಏನ ಕಾಣ್ತದಪಾ?"

ಕುರಿಗಾರ ಬಗ್ಗಿದ್ದಲ್ಲಿಂದಲೇ ಹೇಳಿದ, "ಕುರಿ."

ಅಜ್ಜಿ ತಲೆಕೆಳಗಾಗಿಯೇ ಕೈಮುಗಿದರು. "ಕಂಡ್ವು ನನ್ನಪ್ಪಾ, ಕಂಡ್ವು! ಕಾಯಿ ಎಲ್ಲಿ ಒಡೀಬೇಕು?"

ಕೌದಿಯ ನಡು

ಮಗಳಿಗೆ ದಿನ ಹತ್ತಿರ ಬಂತು. ಮಾದನಹಿಪ್ಪರಗಾದಿಂದ ಅತ್ತೆಯೂ ಬಂದರು. ಅಜ್ಜಿ, ತಾಯಿ ಸೇರಿ ಹುಟ್ಟುವ ಕೂಸಿಗೆ ಹಳೇ ಬಟ್ಟೆಯ ಕೌದಿ ಹೊಲಿಯಲು ಕೂತರು. ನನ್ನ ನಾಲ್ಕನೆಯ ಉಪಾಯ ಅದೇ ಆಗಿತ್ತು: ಹರಿದು, ತುಂಡುಗಳನ್ನು ಜಾಗ ಬದಲಿಸಿ ಹೊಂದಿಸುವುದು. ನಾನು ಗ್ರಾಫ್ ಹಾಳೆಯ ಮೇಲೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರಬೇಕು ಅಂತ ನಕ್ಷೆ ಬರೆದು ಕೊಟ್ಟೆ. ಅತ್ತೆ ಅದನ್ನು ಗೌರವದಿಂದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಎಲೆಅಡಿಕೆಯ ಚೀಲದ ಅಡಿಗೆ ಇಟ್ಟರು.

ಆಮೇಲೆ ತುಂಡುಗಳನ್ನು ನೆಲದ ಮೇಲೆ ಹರವಿ, ಕಣ್ಣು ಕಿರಿದು ಮಾಡಿ ನೋಡುತ್ತಾ ಕೂತರು. ಮಾವನವರ ಧೋತರ, ಮಗಳ ಶಾಲೆಯ ಸಮವಸ್ತ್ರ, ಸೀಮಂತದ ಕುಬಸಕ್ಕೆ ಬಂದ ಖಣದ ಅಂಚು.

"ಇಲ್ಲಿ ಕಣ್ಣು ನಿಂದ್ರವಲ್ದು," ಅನ್ನುವರು. ಒಂದು ತುಂಡು ಸರಿಸುವರು. "ಇಲ್ಲಿ ಭಾಳ ನಿಂದ್ರಾಕತ್ತದ," ಅನ್ನುವರು. ಇನ್ನೊಂದು ಸರಿಸುವರು. ನೋಡ ನೋಡುತ್ತಾ ಅದು ಕೂಡಿಕೊಂಡಿತು. ಮೂರು ದಿನದ ತರಬೇತಿಯಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಕಡೆಗೆ ಒಂದು ಮೂಲೆ ಬಿಟ್ಟು, ಅದರೊಳಗೆ ಒಂದು ಚೂರು ಒಣ ರೊಟ್ಟಿ ಇಟ್ಟು ಹೊಲಿದರು. ಹೊಟ್ಟೆ ಹಸಿದ ಕೌದಿ ಕೂಸಿಗೆ ನಿದ್ದೆ ಕೊಡುವುದಿಲ್ಲವಂತೆ.

ನಾನು ನಾಳೆಯಿಂದ ಏನಾದರಾಗಲಿ ಗೋಡೆಗೆ ಬಣ್ಣ ಹಚ್ಚಿಯೇ ಬಿಡುವುದು ಅಂತ ನಿರ್ಧರಿಸಿ, ಬಣ್ಣ ಬಳಿಯುವಾಗ ಹಾಕುವ ನನ್ನ ಬಿಳಿ ಅಂಗಿ ಹುಡುಕಿದೆ. ಹದಿನೈದು ವರ್ಷ ಅದಕ್ಕೆ ಕುಂಚ ಒರೆಸಿದ್ದೆ. ಎಲ್ಲೂ ಸಿಗಲಿಲ್ಲ.

"ನನ್ನ ಅಂಗಿ ಎಲ್ಲದ?"

ಹೆಂಡತಿ ಕೌದಿ ಬಿಚ್ಚಿ ಹಾಸಿದಳು. ನಟ್ಟ ನಡುವೆ ನನ್ನ ಅಂಗಿ. ಕೆಂಪು, ಹಳದಿ, ನೀಲಿ, ಒಂದರ ಮೇಲೊಂದು ಒರೆಸಿದ ಬಣ್ಣಗಳು ಎಂಥ ಮಳೆಗಾಲದ ಸಂಜೆಯಲ್ಲೂ ಕಾಣದ ಹಾಗೆ ಬೆರೆತಿದ್ದವು. ಸಿಟ್ಟು ಮಾಡಲು ಬಾಯಿ ತೆರೆದವನು ಬಗ್ಗಿ ಅದನ್ನು ಬೆರಳಿಂದ ಸವರಿದೆ. ಅಷ್ಟು ಚೆನ್ನಾಗಿತ್ತು.

"ಚಂದ ಅದ ಅಲ್ರಿ?" ಅಂದಳು ಹೆಂಡತಿ. "ಇಷ್ಟು ವರ್ಷದಾಗ ನೀವು ಬರೆದ ಚಿತ್ರದಾಗ ನನಗ ಮನಸಿಗೆ ಬಂದದ್ದು ಇದೊಂದ."

ಗೋಡೆ

ನಾಳೆ ನಾಳೆ ಅಂತ ಇನ್ನೂ ಒಂದು ವಾರ ಹೋಯಿತು. ದವಾಖಾನೆಯ ಗೋಡೆ ಬಿಳಿಯಾಗಿಯೇ ಇತ್ತು. ಅಷ್ಟೇ ಅಲ್ಲ, ಮಾಳಿಗೆಯ ಮೇಲಿನ ನೀರಿನ ಟಾಕಿ ಸೋರಿ, ಆ ಬಿಳಿಯ ಮೇಲೆ ತೇವದ ಗುರುತು ಎದ್ದವು. ಡಾಕ್ಟರಮ್ಮ ನನ್ನ ಮೇಲೂ ಟಾಕಿ ರಿಪೇರಿ ಒಪ್ಪಿಕೊಂಡಿದ್ದ ಗೌಂಡಿಯ ಮೇಲೂ ಒಟ್ಟಿಗೆ ಸಿಟ್ಟಾದರು. ಇಬ್ಬರೂ ನಾಳೆ ಬರುತ್ತೇವೆ ಅಂದಿದ್ದೆವು.

ಒಂದು ಮುಂಜಾನೆ ಮಗಳಿಗೆ ಬ್ಯಾನಿ ಶುರುವಾಯಿತು. ಹೆಂಡತಿ, ಅತ್ತೆ ಆಕೆಯ ಜೊತೆ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ. ಮಗಳಿಗೆ ಕೊಡಬೇಕೆಂದಿದ್ದ ಒಂದೇ ಒಂದು ವಸ್ತು ಕೊಡಲಾಗಲಿಲ್ಲ, ಆಕೆಯ ಎದುರಿಗೆ ಸೋರುವ ಗೋಡೆ ಬಿಟ್ಟು ಕೂತಿದ್ದೇನೆ ಅಂತ ನನ್ನನ್ನೇ ಬೈದುಕೊಂಡೆ. ನರಳಾಟ ಕೇಳಬೇಕಾದೀತು ಅಂತ ಕಿವಿ ಮುಚ್ಚಿಕೊಳ್ಳಲು ಹೋದೆ. ಕೇಳಿಸಿದ್ದು ಬೇರೆಯೇ.

"ಅದು ಆಕಳ ಅಲ್ಲಬೇ, ಎಮ್ಮಿ! ಕೊಂಬ ನೋಡು!"

"ಹಿಂದ ಕರು ಅದ ನೋಡ್ರಿ, ಆ ತೇವ ಇನ್ನಷ್ಟು ಇಳಿದ್ರ ಕಾಲೂ ಬರ್ತಾವ!"

ಡಾಕ್ಟರಮ್ಮ ಹೊರಗೆ ಬಂದರು. ಮುಖದಲ್ಲಿ ಸಿಟ್ಟೋ ನಗುವೋ ಗೊತ್ತಾಗಲಿಲ್ಲ. "ಮಾಸ್ತರ್ರ, ಬಣ್ಣ ತರ್ರಿ. ಅಪ್ಪ ಅಂತ ನಿಮ್ಮನ್ನ ಒಳಗ ಬಿಡಂಗಿಲ್ಲ. ಪೇಂಟರ್ ಅಂತ ಬಿಡ್ತೇನಿ."

ಮನೆಗೆ ಓಡಿ ಬಣ್ಣ, ಕುಂಚ, ಏಣಿ ತಂದು ಒಳಗೆ ಹೋಗಿ ನಿಂತೆ. ನನ್ನ ಮಗಳಲ್ಲದೆ ಇನ್ನಿಬ್ಬರು ಹೆಣ್ಣುಮಕ್ಕಳು ಅಲ್ಲಿದ್ದರು, ಅವರ ತಾಯಂದಿರೂ ಇದ್ದರು. ಅತ್ತೆ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಗೋಡೆಯ ಮುಂದೆ. ಕೈಗೆಟಕುವವರೆಗಿನ ತೇವದ ಗುರುತಿಗೆಲ್ಲ ಆಗಲೇ ಅಂಚು ಬಂದಿತ್ತು. ಎಮ್ಮೆ, ಕರು, ತೊಟ್ಟಿಲು, ಕೊಡ ಹೊತ್ತವಳು, ಅತ್ತೆಯ ಮನೆಯ ಆನೆಯ ತಂಗಿಯ ಹಾಗಿದ್ದ ಇನ್ನೊಂದು ಆನೆ. ನೋವು ಬಂದವಳು ತಾನು ಕಂಡ ಗುರುತಿಗೆ ಕಣ್ಣು ನೆಟ್ಟು ಹಲ್ಲು ಕಚ್ಚುತ್ತಿದ್ದಳು. ನೋವು ಇಳಿದ ಮೇಲೆ, ಅಲ್ಲಿ ಕಿವಿ ಆಯಿತು ನೋಡು, ಇಲ್ಲಿ ಬಾಲ ಆಯಿತು ನೋಡು ಅಂತ ಮಾತು. ಇಷ್ಟು ದೊಡ್ಡ ಚಿತ್ರವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಐದರ ಮುಂದೆ ಏನು ಬರೆಯಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನೋಡುವವರನ್ನೇ ಕೇಳು ಅಂತ ಇದ್ದಿರಬೇಕು.

ಸುಮ್ಮನೆ ಕುಂಚ ತೆಗೆದು, ಅತ್ತೆಯ ಕಾಡಿಗೆಯ ಗೆರೆಯ ಮೇಲೆ ಬಣ್ಣ ಎಳೆಯುತ್ತಾ ಹೋದೆ. ಆಚೆಯ ಎರಡೂ ಮಂಚದಿಂದ ಆಜ್ಞೆ ಬರುತ್ತಿತ್ತು. ಕಿವಿ ದೊಡ್ಡದು ಮಾಡ್ರಿ. ಕರುವಿಗೆ ಕಣ್ಣು ಇಡ್ರಿ. ಅದೇ ಹೊತ್ತಿಗೆ, ಇಷ್ಟು ದಿನ ಬಾರದ ಗೌಂಡಿ ಸಿಮೆಂಟಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದ. ಟಾಕಿ ಸೋರೋದು ಬಂದ್ ಮಾಡ್ತೇನಿ ಅಂದ.

ಒಬ್ಬಳು ಮಂಚದಿಂದಲೇ ಕೂಗಿದಳು, "ಬ್ಯಾಡೋ ಯಣ್ಣಾ! ಇನ್ನೂ ಅರ್ಧ ಗೋಡಿ ಉಳದದ! ನಾಳಿ ಬಾ!"

ಡಾಕ್ಟರಮ್ಮನೇ ಆತನನ್ನು ವಾಪಸ್ ಕಳಿಸಿದರು.

ನನ್ನ ಮಗಳು ಮಾತ್ರ ಮಾತಾಡಿರಲಿಲ್ಲ. ತಾಯಿಯ ಕೈ ಬಿಗಿಯಾಗಿ ಹಿಡಿದು, ಗೋಡೆಯ ಮೇಲಿನ ಮೂಲೆಯನ್ನು ನೋಡುತ್ತಾ ಮಲಗಿದ್ದಳು. ಹತ್ತಿರ ಹೋದೆ.

"ನಿನಗೇನು ಕಾಣ್ತದವ್ವಾ?"

"ಏನಿಲ್ಲ."

ಅಷ್ಟರಲ್ಲಿ ಮತ್ತೊಂದು ಬ್ಯಾನಿ ಬಂತು. ಆಕೆಯ ಕಣ್ಣು ಆ ಮೂಲೆಯನ್ನು ಬಿಡಲಿಲ್ಲ. ಅದು ಇಳಿದ ಮೇಲೆ, ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಕೂಡಿ ಬಂದವು.

"ಯಪ್ಪಾ, ಬ್ಯಾರೆ ಏನರೆ ಕಾಣಲಿ ಅಂತ ಭಾಳ ನೋಡಿದೆ. ಬ್ಯಾನಿ ಬಂತಂದ್ರ ಅದ ಕಾಣ್ತದ. ಅಲ್ಲಿ ನೋಡು. ಎರಡು ಗುಡ್ಡ, ನಡುವ ಸೂರ್ಯ. ಬರೀ."

ನಾನು ಡಾಕ್ಟರಮ್ಮನ ಮುಖ ನೋಡಿದೆ. "ನನ್ನ ಮುಖ ಏನು ನೋಡ್ತೀರಿ? ಬರೀರಿ!" ಅಂದರು.

ಏಣಿ ಹತ್ತಿದೆ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ಗುಡ್ಡ, ಅವತ್ತು ಗೆರೆ ಸರಿ ಬರಲಿಲ್ಲ. ಕೆಳಗಿನಿಂದ ಮಗಳೇ ಹೇಳಿಕೊಟ್ಟಳು. ಎಡಗಡೆದು ಸ್ವಲ್ಪ ಮ್ಯಾಲ. ಸೂರ್ಯ ಇನ್ನಷ್ಟು ದೊಡ್ಡದು. ಸೂರ್ಯನಿಗೆ ಹಳದಿ ತುಂಬುವ ಹೊತ್ತಿಗೆ ಆಕೆಯನ್ನು ಹೆರಿಗೆ ಖೋಲಿಗೆ ಕರೆದೊಯ್ಯಲು ಬಂದರು. ಹೋಗುತ್ತಾ ಬಾಗಿಲಲ್ಲಿ ತಲೆ ಹೊರಳಿಸಿ ಕೂಗಿದಳು.

"ಯಪ್ಪಾ, ಗುಡ್ಡ ಸಾಕು! ತೆಂಗಿನಗಿಡ ಹಾಕಿದಿ ಅಂದ್ರ ನೋಡು, ಈಗ್ಲೂ ಗಂಡನ ಮನಿಗೆ ಹೋಗ್ತೇನಿ!"

ಆಕೆ ಹೇಳುವಷ್ಟರಲ್ಲಿ ನನ್ನ ಕುಂಚ ಅಭ್ಯಾಸ ಬಲದಿಂದ ಅರ್ಧ ತೆಂಗಿನಗಿಡ ಎಳೆದಾಗಿತ್ತು. ಗಾಬರಿಯಲ್ಲಿ ಒರೆಸಲು ಬಟ್ಟೆ ಸಿಗಲಿಲ್ಲ. ಮೈಮೇಲಿದ್ದ ಹೊಸ ಅಂಗಿಯನ್ನೇ ಬಿಚ್ಚಿ ಒರೆಸಿದೆ. ಗಿಡ ಹೋಯಿತು, ಜೊತೆಗೆ ಸೂರ್ಯನ ಹಳದಿ, ಗುಡ್ಡದ ಹಸಿರು, ಅತ್ತೆಯ ಕಾಡಿಗೆ ಎಲ್ಲ ಅಂಗಿಗೆ ಹತ್ತಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಹೆಂಡತಿ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ಕೂಸು ಕೌದಿಯಲ್ಲಿತ್ತು, ಕೆನ್ನೆ ನನ್ನ ಹಳೆಯ ಅಂಗಿಗೆ ಒತ್ತಿತ್ತು. ನಾನು ಬನಿಯನ್ನಿನಲ್ಲಿ, ಬಣ್ಣ ಮೆತ್ತಿದ ಹೊಸ ಅಂಗಿ ಕೈಯಲ್ಲಿ ಹಿಡಿದು ಅಳುತ್ತಾ ನಿಂತಿದ್ದೆ. ಹೆಂಡತಿ ನನ್ನ ಮುಖ ನೋಡಲಿಲ್ಲ. ಅಂಗಿ ಇಸಿದುಕೊಂಡು, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಅಳಬ್ಯಾಡ್ರಿ, ಚಲೋ ಬಂದದ," ಅಂದಳು. "ಮುಂದಿನ ಕೂಸಿನ ಕೌದಿಗೆ ಆತು."